ಎರಡನೆಯ ಮಿನಾರು

ಬೀದರಿನ ಹಳೇ ಮದರಸಾಕ್ಕೆ ಇರುವುದು ಒಂದೇ ಮಿನಾರು.
ಇನ್ನೊಂದು ನಾನು ಕಟ್ಟಿದ್ದು,
ಭಾಲ್ಕಿಯ ಬಾಡಿಗೆ ಕೋಣೆಯಲ್ಲಿ, ಒಂದು ರಾತ್ರಿ,
ಲೈಟು ಎರಡು ಸಲ ಹೋಗಿ ಬಂದ ನಡುವೆ.

ಸುಣ್ಣ ಬೇಕಾಗಲಿಲ್ಲ, ಗಾರೆ ಬೇಕಾಗಲಿಲ್ಲ.
ಇದ್ದದ್ದನ್ನು ಕತ್ತರಿಸಿ, ಕನ್ನಡಿಯ ಹಾಗೆ ತಿರುವಿ
ಖಾಲಿ ಮೂಲೆಗೆ ಅಂಟಿಸಿದೆ.
ಅಡ್ಡ ಬಂದ ಕರೆಂಟಿನ ತಂತಿ ಒರೆಸಿದೆ.
ಬಿಸಿಲು ಮಾತ್ರ ಮಾತು ಕೇಳಲಿಲ್ಲ:
ಒಂದಕ್ಕೆ ಎಡದಿಂದ, ಒಂದಕ್ಕೆ ಬಲದಿಂದ,
ಎರಡು ಸೂರ್ಯ ಹುಟ್ಟಿದ ಊರು.
ಯಾರ ಕಣ್ಣಿಗೂ ಬೀಳಲಿಲ್ಲ.
ನಮ್ಮ ಕಡೆ ಸೂರ್ಯನನ್ನು ಯಾರು ಎಣಿಸುತ್ತಾರೆ?

ಆ ವರ್ಷ ಅದು ಕ್ಯಾಲೆಂಡರಾಯಿತು.
ಘಾಳೆಪ್ಪ ಟೈರ್ ಮಾರ್ಟ್, ಹುಮನಾಬಾದ್ ರೋಡು;
ಕೆಳಗೆ ಅಮಾಸಿ, ಉರುಸು, ಬ್ಯಾಂಕಿನ ರಜೆ.
ಹಿಟ್ಟಿನ ಗಿರಣಿಯಲ್ಲಿ ನೋಡಿದೆ,
ಎರಡೂ ಮಿನಾರುಗಳ ಮೇಲೆ ಜೋಳದ ಹಿಟ್ಟು ಕೂತಿತ್ತು.
ಕಟಿಂಗ್ ಅಂಗಡಿಯ ಕನ್ನಡಿಯಲ್ಲಿ ನೋಡಿದೆ,
ಅಲ್ಲಿ ನನ್ನದು ಖರೆ ಮಿನಾರಿನ ಜಾಗದಲ್ಲಿ ನಿಂತಿತ್ತು.

ಆಟೋದ ಖಾಜಾಮಿಯಾ ಹೇಳಿದ:
"ಔರಾದ ಕಡೀಂದ ಸಾಲಿ ಹುಡುಗ್ರು ಬಂದಿದ್ರರೀ ಮೇಡಂ,
ಇನ್ನೊಂದ ಎಲ್ಲದ, ಇನ್ನೊಂದ ಎಲ್ಲದ ಅಂತ ಸುತ್ತಾ ತಿರುಗಿದ್ರು.
ಮಾಸ್ತರ ಕ್ಯಾಲೆಂಡರ್ ತೋರ್ಸಿ ನನ್ನ ಮ್ಯಾಲೇ ಸಿಟ್ಟಾದ,
ನಾನೇ ಎಲ್ಲ್ಯಾರ ಮುಚ್ಚಿ ಇಟ್ಟೀನಿ ಅನ್ನೋ ಹಂಗ."
ಅವನು ನಕ್ಕ. ನಾನೂ ನಕ್ಕೆ.
ಇಳಿಯುವಾಗ ಹತ್ತು ರೂಪಾಯಿ ಹೆಚ್ಚು ಕೊಟ್ಟೆ.

ಹದಿನಾಲ್ಕು ವರ್ಷ.
ಹಳೆಯ ಹಾರ್ಡ್ ಡಿಸ್ಕು ಕೆಮ್ಮಿ ಕೆಮ್ಮಿ ಬಾಯಿ ಬಿಟ್ಟಿದೆ.
ಇವತ್ತು ಕೆಡವಬೇಕು.
ಮೊದಲ ಸಲ ಬಿದ್ದದ್ದು ಸಿಡಿಲಿಗೋ, ಮದ್ದಿಗೋ,
ಗೈಡುಗಳು ಇನ್ನೂ ಜಗಳಾಡುತ್ತಾರೆ.
ಎರಡನೆಯ ಸಲ ಬಿದ್ದದ್ದು ನನ್ನ ತೋರುಬೆರಳಿಗೆ.
ಸದ್ದಿಲ್ಲ, ಧೂಳಿಲ್ಲ,
ಕಮಾನಿನ ಪಾರಿವಾಳ ಕೂಡ ಏಳಲಿಲ್ಲ.

ಹಿಂದೆ ಬರೀ ಆಕಾಶ ಇದ್ದೀತು ಅಂದುಕೊಂಡಿದ್ದೆ.

ಇತ್ತು ಒಂದು ಮಾಳಿಗೆ. ಹಗ್ಗದ ಮೇಲೆ ನೀಲಿ ಚಾದರ.
ಚಾದರದ ಪಕ್ಕ ಒಬ್ಬಳು ಹುಡುಗಿ,
ಎರಡೂ ಕೈ ಮೇಲೆತ್ತಿ, ಕತ್ತು ಹಿಂದಕ್ಕೆ ಚೆಲ್ಲಿ.
ಹಿಗ್ಗಿಸಿದೆ. ಮತ್ತೂ ಹಿಗ್ಗಿಸಿದೆ.
ಮುಖ ಸಿಗುವ ಮೊದಲೇ
ಅವಳು ಚೌಕ ಚೌಕವಾಗಿ ಒಡೆದು
ಗೋಧಿಬಣ್ಣದ ಫರಸಿಯಾದಳು.
ಹಿಂದೆ ಸರಿದೆ, ಮತ್ತೆ ಹುಡುಗಿಯಾದಳು.
ದಾರ ಕಾಣುವುದಿಲ್ಲ.
ದಾರದ ತುದಿಗೆ, ಕೆಂಪಗೆ, ಗಾಳಿಪಟ,
ಬಿದ್ದ ಮಿನಾರು ಬೀಳದೆ ಇದ್ದಿದ್ದರೆ
ಅದರ ತುದಿ ಎಲ್ಲಿರುತ್ತಿತ್ತೋ ಅಲ್ಲೇ.

ನಮ್ಮ ಆಯಿ ಫೋಟೋಕ್ಕೂ ಪಟ ಅನ್ನುತ್ತಿದ್ದಳು.
ಪಟ ತೆಗೆದೆ ಏನವ್ವಾ, ಅಂತ ಕೇಳಿದ್ದಳು ಆ ಸಂಜೆ.
ಹೂಂ ಆಯಿ, ತೆಗೆದೆ.
ಹುಡುಗಿಯ ಕೈಯಿಂದಲೇ ತೆಗೆದೆ,
ಅದರ ಜಾಗಕ್ಕೆ ಕಲ್ಲು ಇಟ್ಟೆ.

ಈಗ ಹೊಸದಾಗಿ ತಿದ್ದುತ್ತ ಕೂತಿದ್ದೇನೆ.
ಬಿದರಿ ಕೆಲಸದವರು ಕೋಟೆಯ ಮಣ್ಣನ್ನು
ನಾಲಿಗೆಗೆ ಹಚ್ಚಿ ನೋಡಿ ಕಪ್ಪು ಏರಿಸುತ್ತಾರಂತೆ.
ನಾನು ಒಂದು ಗುಂಡಿಯನ್ನು ಎಡಕ್ಕೆ ಎಳೆಯುತ್ತೇನೆ,
ಕಪ್ಪು ಬರುತ್ತದೆ, ರುಚಿ ಇಲ್ಲ.
ಮಾಳಿಗೆಯ ನೆರಳು ಸ್ವಲ್ಪ ತಿಳಿ ಮಾಡಿದೆ.
ಚಾದರದ ನೀಲಿಯನ್ನು ಮುಟ್ಟಲಿಲ್ಲ.

ಉಳಿದದ್ದು ತಂತಿ.
ಅದೂ ವಾಪಸು ಬಂದಿದೆ, ಪಟದ ನಡುವೆಯೇ ಹಾದು.
ಪಟ ತಂತಿಯ ಹಿಂದೆ ಹಾರುತ್ತಿದೆಯೋ,
ತಂತಿಗೆ ಸಿಕ್ಕಿಕೊಂಡಿದೆಯೋ,
ಹುಡುಗಿ ದಾರ ಬಿಡುತ್ತಿದ್ದಾಳೋ, ಜಗ್ಗುತ್ತಿದ್ದಾಳೋ,
ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ.
ತಂತಿ ಒರೆಸಿದರೆ ಸಾಕು,
ಖಂಡಿತ ಹಾರುತ್ತದೆ.

ಮೌಸು ತಂತಿಯ ಮೇಲೆ ಬಂದು ನಿಂತಿದೆ.

ಲೈಟು ಹೋಯಿತು.